ಹೈಸ್ಕೂಲಿನಲ್ಲಿ ಉಳಿ-ಸುತ್ತಿಗೆಗೂ ಒಂದು ಪೀರಿಯಡ್ ಇರಲಿ

ನಮ್ಮ ಗ್ರಾಮಾಂತರ ಪ್ರೌಢಶಾಲೆಗಳಲ್ಲಿ ಓದುತ್ತಿರುವವರಲ್ಲಿ ಬಹುಪಾಲು ರೈತರ ಹಾಗೂ ಕೂಲಿಕಾರರ ಮಕ್ಕಳೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಮಕ್ಕಳು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ತ್ರಿಕೋನಮಿತಿಯ ಸೂತ್ರಗಳನ್ನು ಬಾಯಿಪಾಠ ಒಪ್ಪಿಸಬಲ್ಲರು. ಓಮನ ನಿಯಮವನ್ನು ಬರೆದು ತೋರಿಸಬಲ್ಲರು. ಆದರೆ ಮನೆಯ ಹಿತ್ತಿಲಿನಲ್ಲಿರುವ ಮೇವು ಕತ್ತರಿಸುವ ಯಂತ್ರ ಏಕೆ ಅದುರುತ್ತದೆ, ಬಾವಿಯ ಮೋಟರು ಏಕೆ ಪದೇ ಪದೇ ಸುಡುತ್ತದೆ ಎಂದು ಕೇಳಿದರೆ, "ಪೇಟೆಯಿಂದ ಮೆಕ್ಯಾನಿಕ್‌ನನ್ನು ಕರೆಸಬೇಕು" ಎಂಬುದೊಂದೇ ಅವರ ಉತ್ತರ. ತಪ್ಪು ಮಕ್ಕಳದ್ದಲ್ಲ. ಶಾಲೆಯಲ್ಲಿ ಯಾರೂ ಅವರ ಕೈಗೆ ಒಂದು ಸ್ಪ್ಯಾನರನ್ನು ಕೊಟ್ಟಿಲ್ಲ, ಒಂದು ವಸ್ತುವನ್ನು ಯೋಚಿಸಿ, ಅಳೆದು, ನಕ್ಷೆ ಬರೆದು ತಯಾರಿಸಲು ಹೇಳಿಲ್ಲ.

ಈ ವಿಷಯಕ್ಕೆ ಕೆಲವು ದೇಶಗಳಲ್ಲಿ 'ವಿನ್ಯಾಸ ಮತ್ತು ತಂತ್ರಜ್ಞಾನ' ಎಂದು ಹೆಸರಿಟ್ಟು ಪ್ರೌಢಶಾಲೆಯಲ್ಲೇ ಕಲಿಸುತ್ತಾರೆ. ಇಂಗ್ಲೆಂಡಿನಲ್ಲಿ 1990ರಿಂದ ಇದು ರಾಷ್ಟ್ರೀಯ ಪಠ್ಯಕ್ರಮದ ಭಾಗ. ಅದಕ್ಕೆ ಮೊದಲು ಅಲ್ಲಿಯೂ ಗಂಡುಮಕ್ಕಳಿಗೆ ಮರಗೆಲಸ, ಲೋಹದ ಕೆಲಸ, ಹೆಣ್ಣುಮಕ್ಕಳಿಗೆ ಅಡಿಗೆ, ಹೊಲಿಗೆ ಎಂಬ ಪದ್ಧತಿಯೇ ಇತ್ತು. ಹೊಸ ವಿಷಯದಲ್ಲಿ ಇಬ್ಬರಿಗೂ ಎಲ್ಲವೂ ಬಂತು. ಅಷ್ಟೇ ಅಲ್ಲ, 'ಈ ಸ್ಟೂಲನ್ನು ನೋಡಿ ಇಂಥದೇ ಇನ್ನೊಂದು ಮಾಡು' ಎನ್ನುವ ಬದಲು, 'ಯಾರಿಗೆ, ಯಾವ ಕಷ್ಟಕ್ಕೆ, ಏನು ಬೇಕು ಎಂದು ಮೊದಲು ಕಂಡುಹಿಡಿ, ಆಮೇಲೆ ಮಾಡು, ಮಾಡಿದ್ದನ್ನು ಪರೀಕ್ಷಿಸಿ ತಿದ್ದು' ಎಂದು ಹೇಳಿಕೊಡುವ ಕ್ರಮ ಬಂತು. 2017ರಲ್ಲಿ ಆರಂಭವಾದ ಅಲ್ಲಿನ ಈಗಿನ ಪಠ್ಯಕ್ರಮದಲ್ಲಿ, 16ನೆಯ ವಯಸ್ಸಿನ ಪರೀಕ್ಷೆಯ ಅರ್ಧ ಅಂಕ ಬರವಣಿಗೆಗೆ, ಇನ್ನರ್ಧ ವಿದ್ಯಾರ್ಥಿ ತಾನೇ ವಿನ್ಯಾಸ ಮಾಡಿ ತಯಾರಿಸಿದ ವಸ್ತುವಿಗೆ. ಅಲ್ಲಿಯೂ ಎಲ್ಲವೂ ಸರಿಯಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. 2004ರಲ್ಲಿ 14 ವರ್ಷ ದಾಟಿದವರಿಗೆ ಇದು ಕಡ್ಡಾಯವಲ್ಲವೆಂದಾದ ಮೇಲೆ ಈ ವಿಷಯ ತೆಗೆದುಕೊಳ್ಳುವವರ ಸಂಖ್ಯೆ ಬಹಳವಾಗಿ ಇಳಿದಿದೆ. ಕಡ್ಡಾಯ ತಪ್ಪಿದರೆ ಕೈಕೆಲಸದ ವಿಷಯ ಹಿಂದೆ ಬೀಳುವುದು ನಮ್ಮ ದೇಶದ ರೋಗ ಮಾತ್ರವಲ್ಲ.

ನಮ್ಮ ಹಳ್ಳಿಯ ಶಾಲೆಯಲ್ಲಿ ಇಂಥ ವಿಷಯವಿದ್ದರೆ ಮಕ್ಕಳು ಏನು ಕಲಿಯಬಹುದು? ಒಂದು ಉದಾಹರಣೆ ನೋಡೋಣ. ಈಚಿನ ವರ್ಷಗಳಲ್ಲಿ ಮಳೆಯಾಶ್ರಿತ ಪ್ರದೇಶಗಳಲ್ಲಿ ಕೃಷಿ ಹೊಂಡಗಳು ಬಹಳ ಆಗಿವೆ. ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೋಡಿಸಿದಿರಿ ಎನ್ನಿ. ಜೆಸಿಬಿಯವನಿಗೆ ಘನ ಮೀಟರಿನ ಲೆಕ್ಕದಲ್ಲಿ ಹಣ ಕೊಡಬೇಕು. ಉದ್ದ, ಅಗಲ, ಆಳ ಮೂರನ್ನೂ ಗುಣಿಸಿದರೆ 432 ಘನ ಮೀಟರ್ ಎಂದು ಬರುತ್ತದೆ. ಆದರೆ ಹೊಂಡದ ಬದಿ ಗೋಡೆಯಂತೆ ನೆಟ್ಟಗಿರುವುದಿಲ್ಲ, ಇಳಿಜಾರಾಗಿರುತ್ತದೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರಿನಂತೆ ಒಳಕ್ಕೆ ಬಂದರೆ ತಳದಲ್ಲಿ ಉಳಿಯುವುದು 6 ಮೀಟರ್ ಉದ್ದ, 6 ಮೀಟರ್ ಅಗಲ ಮಾತ್ರ. ಇದಕ್ಕೆ ಸರಿಯಾದ ಲೆಕ್ಕ ಹೀಗಿದೆ: ಮೇಲ್ಭಾಗದ ವಿಸ್ತೀರ್ಣ 144, ತಳದ ವಿಸ್ತೀರ್ಣ 36, ನಡುಮಟ್ಟದ ವಿಸ್ತೀರ್ಣ 9ನ್ನು 9ರಿಂದ ಗುಣಿಸಿದರೆ 81, ಅದರ ನಾಲ್ಕರಷ್ಟು 324. ಮೂರನ್ನೂ ಕೂಡಿಸಿದರೆ 504. ಅದನ್ನು 6ರಿಂದ ಭಾಗಿಸಿ 3 ಮೀಟರ್ ಆಳದಿಂದ ಗುಣಿಸಿದರೆ 252 ಘನ ಮೀಟರ್. ಎಂದರೆ ತೆಗೆದ ಮಣ್ಣು 252 ಘನ ಮೀಟರ್, ನಿಲ್ಲುವ ನೀರು ಹೆಚ್ಚೆಂದರೆ 2,52,000 ಲೀಟರ್. ತೆಗೆಯದ 180 ಘನ ಮೀಟರ್ ಮಣ್ಣಿಗೆ ಹಣ ಕೊಡುವುದೇ, ಬೇಡವೇ ಎಂಬುದು ಈ ಲೆಕ್ಕ ಮನೆಯಲ್ಲಿ ಯಾರಿಗಾದರೂ ಬರುತ್ತದೆಯೇ ಎಂಬುದರ ಮೇಲೆ ನಿಂತಿದೆ.

ಘನಫಲದ ಪಾಠ ಗಣಿತ ಪುಸ್ತಕದಲ್ಲಿ ಇದ್ದೇ ಇದೆಯಲ್ಲ ಎನ್ನಬಹುದು. ಇದೆ, ನಿಜ. ಆದರೆ ಅದು ಕಾಗದದ ಮೇಲೆ ಇದೆ. ಒಂದು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಜೇಡಿಮಣ್ಣಿನಲ್ಲಿ ಆ ಹೊಂಡದ ಮಾದರಿ ಮಾಡಿ, ಪಕ್ಕದಲ್ಲೇ ನೆಟ್ಟನೆಯ ಗೋಡೆಯ ರಟ್ಟಿನ ಪೆಟ್ಟಿಗೆಯನ್ನು ಅದೇ ಅಳತೆಗೆ ಮಾಡಿ, ಎರಡಕ್ಕೂ ರಾಗಿ ತುಂಬಿ ಅಳೆದು ನೋಡಿದ ಹುಡುಗಿ ಜೀವಮಾನವಿಡೀ ಆ ಲೆಕ್ಕವನ್ನು ಮರೆಯುವುದಿಲ್ಲ. ಅವಳ ತಂದೆಯೂ ಮೋಸ ಹೋಗುವುದಿಲ್ಲ.

ಪುಲ್ಲಿಯ ವಿಷಯವೂ ಹೀಗೆಯೇ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟರಿಗೆ 4 ಅಂಗುಲದ ಪುಲ್ಲಿ, ಯಂತ್ರಕ್ಕೆ 12 ಅಂಗುಲದ ಪುಲ್ಲಿ ಹಾಕಿದರೆ ಯಂತ್ರ ಸುಮಾರು 480 ಸುತ್ತು ತಿರುಗುತ್ತದೆ. ಅಂಗಡಿಯಲ್ಲಿ 12 ಅಂಗುಲದ್ದು ಸಿಗಲಿಲ್ಲವೆಂದು 8 ಅಂಗುಲದ್ದನ್ನು ತಂದು ಕೂರಿಸಿದರೆ 720 ಸುತ್ತು. ಕಾಳು ಒಡೆಯುವುದು, ಬೇರಿಂಗು ಸವೆಯುವುದು, ಯಂತ್ರ ಅದುರುವುದು ಇಲ್ಲಿಂದಲೇ ಆರಂಭ. ಏಳನೆಯ ತರಗತಿಯ ಅನುಪಾತದ ಲೆಕ್ಕ ಸಾಕು ಇದಕ್ಕೆ.

ಆದರೆ ನನಗೆ ಇವುಗಳಿಗಿಂತ ಮುಖ್ಯವೆನಿಸುವುದು ಎಡೆಕುಂಟೆಯ ಹಿಡಿ. ಸೈಕಲ್ ಗಾಲಿಯ ಎಡೆಕುಂಟೆಯನ್ನು ಬಹಳ ಮಂದಿ ನೋಡಿದ್ದೀರಿ. ಕಳೆ ತೆಗೆಯುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಮಾಡುವವರು ಹೆಂಗಸರು. ಆ ಉಪಕರಣವನ್ನು ವೆಲ್ಡಿಂಗ್ ಮಾಡುವವನು, ಮಾರುವವನು, ಕೊಳ್ಳುವವನು ಮೂವರೂ ಗಂಡಸರು. ಅಂಗಡಿಯಲ್ಲಿ ಹಿಡಿದು ನೋಡಿದಾಗ ಗಂಡಸಿಗೆ ಸರಿಯೆನಿಸಿದ ಎತ್ತರ, ಹೊಲದಲ್ಲಿ ಹೆಂಗಸಿಗೆ ಎದೆಯ ಮಟ್ಟಕ್ಕೆ ಬರುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಹೆಗಲು ಸೋಲುತ್ತದೆ. ಮೂರು ದಿನ ಬಿಟ್ಟು ನೋಡಿದರೆ ಎಡೆಕುಂಟೆ ಕೊಟ್ಟಿಗೆಯ ಮೂಲೆಯಲ್ಲಿ, ಹೆಂಗಸರು ಮತ್ತೆ ಕುರ್ಚಿಗೆ ಹಿಡಿದು ಕುಕ್ಕರಗಾಲಿನಲ್ಲಿ. "ನಮ್ಮ ಹೆಂಗಸರು ಹೊಸದನ್ನು ಒಪ್ಪುವುದಿಲ್ಲ" ಎಂದು ಗಂಡಸರ ದೂರು! ಒಪ್ಪದಿರುವುದಕ್ಕೆ ಕಾರಣ ಹಿಡಿಯಲ್ಲಿದೆ, ಹೆಂಗಸರಲ್ಲಿಲ್ಲ.

ಇದನ್ನೇ ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಾಠವಾಗಿ ಕೊಟ್ಟರೆ ಹೇಗಿರುತ್ತದೆ ನೋಡಿ. ಊರಿನ ಹತ್ತು ಮಂದಿ ಹೆಂಗಸರು ನೆಟ್ಟಗೆ ನಿಂತಾಗ ನೆಲದಿಂದ ಮೊಣಕೈವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಬೇಕು. ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು, ಸರಾಸರಿ ಎಷ್ಟು? ಒಂದೇ ಎತ್ತರ ಎಲ್ಲರಿಗೂ ಹೊಂದುವುದಿಲ್ಲವೆಂದು ಆಗಲೇ ಗೊತ್ತಾಗುತ್ತದೆ. ಹಾಗಾದರೆ ಹಿಡಿಯನ್ನು ಏರಿಸಿ ಇಳಿಸುವಂತೆ ಮಾಡಬೇಕು. ಹೇಗೆ? ಕೊಳವೆಯಲ್ಲಿ ಸಾಲಾಗಿ ತೂತು ಕೊರೆದು ಬೋಲ್ಟು ಹಾಕಬಹುದು. ಒಂದು ಕೊಳವೆಯೊಳಗೆ ಇನ್ನೊಂದನ್ನು ಜಾರಿಸಿ ಬಿಗಿ ಮಾಡಬಹುದು. ಮೊದಲು ಬಿದಿರಿನಲ್ಲೇ ಹಿಡಿ ಮಾಡಿ ಕಟ್ಟಿ, ಶಾಲೆಯ ಹಿಂದಿನ ಒಂದು ಗುಂಟೆಯಲ್ಲಿ ತಳ್ಳಿ ನೋಡಬಹುದು. ತಳ್ಳಿದ ಅಜ್ಜಿ "ಅಲಗು ಮಣ್ಣಿಗೆ ಇಳಿಯೋದೇ ಇಲ್ಲ ಕಣವ್ವ, ಮೇಲೇ ಜಾರ್ತದೆ" ಎಂದರೆ, ಹಿಡಿಯ ಎತ್ತರ ಬದಲಾದಾಗ ಅಲಗಿನ ಕೋನವೂ ಬದಲಾಗುತ್ತದೆ ಎಂಬ ಪಾಠ ಅಲ್ಲಿ ಸಿಗುತ್ತದೆ. ಮತ್ತೆ ತಿದ್ದಬೇಕು. ಇಷ್ಟರಲ್ಲಿ ಗಣಿತ ಬಂತು, ಭೌತಶಾಸ್ತ್ರ ಬಂತು, ನಕ್ಷೆ ಬರೆಯುವುದು ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಉಪಕರಣ ಬಳಸುವವರ ಮಾತನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಬಂತು. ವಿನ್ಯಾಸವೆಂದರೆ ಚೆಂದದ ಬಣ್ಣ ಬಳಿಯುವುದೆಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ವಿನ್ಯಾಸವೆಂದರೆ ಇದು.

ಇನ್ನೊಂದು ಮಾತನ್ನು ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ. ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟು ಬೆರಳು, ಮುಂಗೈ ಕಳೆದುಕೊಂಡವರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಯಂತ್ರಕ್ಕೆ ತೆನೆ ಉಣಿಸುವ ತಗಡಿನ ತೊಟ್ಟಿ ಗಿಡ್ಡವಾಗಿದ್ದು ಮೇಲೆ ಮುಚ್ಚಳವಿಲ್ಲದಿದ್ದರೆ, ತೆನೆಯ ಜೊತೆಯಲ್ಲೇ ಕೈಯೂ ಹೋಗುತ್ತದೆ. ಈ ಅನಾಹುತಗಳನ್ನು ತಡೆಯಲೆಂದೇ ಕೇಂದ್ರ ಸರಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಕಾಯಿದೆ ಪುಸ್ತಕದಲ್ಲಿದೆ. ಆದರೆ ಕಡಿಮೆ ದರಕ್ಕೆ ಸಿಕ್ಕಿತೆಂದು ತಂದ ಯಂತ್ರದ ತೊಟ್ಟಿಯನ್ನು ಅಳೆದು ನೋಡುವವರು ಯಾರು? ತೋಳಿನ ಉದ್ದಕ್ಕಿಂತ ತೊಟ್ಟಿಯ ಉದ್ದ ಹೆಚ್ಚಿರಬೇಕು, ಡ್ರಮ್ಮಿನ ಕಡೆಯ ಭಾಗಕ್ಕೆ ಮುಚ್ಚಳವಿರಬೇಕು ಎಂಬುದನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಡ. ಶಾಲೆಯಲ್ಲಿ ಒಮ್ಮೆ ಅಳತೆಪಟ್ಟಿ ಹಿಡಿದು ಯಂತ್ರವನ್ನು ಪರೀಕ್ಷಿಸಿದ ಹುಡುಗ ಮನೆಗೆ ಬಂದು, "ಅಪ್ಪಾ, ಇದಕ್ಕೆ ಒಂದು ತಗಡು ಬಡಿಸೋಣ" ಎನ್ನುತ್ತಾನೆ. ಅದಕ್ಕೆ ತಗಲುವ ಖರ್ಚೆಷ್ಟು, ಹೋದ ಕೈಗೆ ಬೆಲೆಯೆಷ್ಟು?

ಹಾಗಾದರೆ ಇದೆಲ್ಲ ಇದುವರೆಗೆ ಯಾರಿಗೂ ಹೊಳೆದಿರಲಿಲ್ಲವೇ ಎಂದರೆ, ಬಹಳ ಹಿಂದೆಯೇ ಹೊಳೆದಿತ್ತು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕವೇ ಎಲ್ಲ ಶಿಕ್ಷಣ ಎಂಬ ಮೂಲ ಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. 1952-53ರ ಮೊದಲಿಯಾರ್ ಆಯೋಗ ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಯೂ ಒಂದು ಕಸುಬನ್ನು ಕಲಿಯಬೇಕೆಂದಿತು, ಕೃಷಿ, ತಾಂತ್ರಿಕ ಮೊದಲಾದ ವಿಭಾಗಗಳುಳ್ಳ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ತೆರೆಯಲು ಹೇಳಿತು. 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದನೆಯ ಹೆಸರು ಕೊಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹತ್ತರ ನಂತರದ ವಿದ್ಯಾರ್ಥಿಗಳಲ್ಲಿ 1995ರ ವೇಳೆಗೆ ನೂರಕ್ಕೆ 25 ಮಂದಿ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದು ಗುರಿಯಿಟ್ಟಿತು. ಆಮೇಲೆ ಆ ಗುರಿಯನ್ನೇ 2000ಕ್ಕೆ ಮುಂದೂಡಿದರು. 2020ರ ನೀತಿ, 2025ರ ವೇಳೆಗೆ ಕಲಿಯುವವರಲ್ಲಿ ಅರ್ಧದಷ್ಟು ಮಂದಿಗಾದರೂ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದಿತು. ವರದಿಗಳಿಗೆ ನಮ್ಮಲ್ಲಿ ಬರವಿಲ್ಲ!

ವರದಿಗಳು ಸೋತದ್ದೇಕೆ ಎಂಬುದಕ್ಕೆ ಹಣವಿಲ್ಲ, ಶಿಕ್ಷಕರಿಲ್ಲ ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಅವು ನಿಜವಾದ ಕಾರಣಗಳೇ. ಆದರೆ ಅವುಗಳ ಹಿಂದೆ ಇನ್ನೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ದೇಶದಲ್ಲಿ ಕೈಕೆಲಸಕ್ಕೆ ಜಾತಿಯ ವಾಸನೆ ಅಂಟಿದೆ. 1953ರಲ್ಲಿ ರಾಜಾಜಿಯವರು ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ, ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆಯ ಪಾಠ, ಉಳಿದ ಹೊತ್ತು ತಂದೆತಾಯಿಯರ ಕಸುಬಿನ ಕಲಿಕೆ ಎಂಬ ಯೋಜನೆ ತಂದರು. ಆಗ ದಕ್ಷಿಣ ಕನ್ನಡ, ಕೊಳ್ಳೇಗಾಲಗಳೂ ಆ ರಾಜ್ಯದಲ್ಲೇ ಇದ್ದವು. ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಲೆಂದು ಮಾಡಿದ ಯೋಜನೆ ಇದೆಂದು ಜನ ಎದ್ದು ನಿಂತರು. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದ ಕೂಡಲೇ ಅದನ್ನು ಕೈಬಿಡಲಾಯಿತು. ಜನರ ಸಂಶಯ ಸುಳ್ಳಲ್ಲ. "ನಾವು ಗೇದದ್ದು ಸಾಲದೇ? ಮಕ್ಕಳೂ ಶಾಲೆಗೆ ಹೋಗಿ ಗೇಯಬೇಕೇ?" ಎಂದು ಇಂದಿಗೂ ತಂದೆತಾಯಿಗಳು ಕೇಳುವುದನ್ನು ನಾನು ಹಳ್ಳಿಗಳಲ್ಲಿ ಕೇಳಿದ್ದೇನೆ. ಆ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವವರು ಸ್ವತಃ ಗೇದವರಲ್ಲ.

ಆದುದರಿಂದಲೇ ನಾನು ಹೇಳುತ್ತಿರುವುದು, ರೈತನ ಮಗನಿಗೆ ಮಾತ್ರ ಕೈಕೆಲಸ, ಪೇಟೆಯ ವಕೀಲರ ಮಗನಿಗೆ ಕಂಪ್ಯೂಟರು ಎಂಬ ಭೇದವಿದ್ದರೆ ಈ ವಿಷಯವೇ ಬೇಡ. ಇದ್ದರೆ ಎಲ್ಲ ಶಾಲೆಗಳಲ್ಲಿ, ಎಲ್ಲ ಮಕ್ಕಳಿಗೆ, ಹೆಣ್ಣು-ಗಂಡು ಇಬ್ಬರಿಗೂ ಇರಬೇಕು. ಶಾಲೆ ಮಕ್ಕಳನ್ನು ಬಡಗಿಯಾಗಿಸಬೇಕಾಗಿಲ್ಲ. ಹಿಂದೆ ತಕಲಿ ಹಿಡಿಸಿ ನೂಲು ತೆಗೆಸಿದಂತೆ, ಎಷ್ಟು ಗಜ ಮಾಡಿದೆ ಎಂಬುದರ ಮೇಲೆ ಅಂಕ ಕೊಡಬೇಕಾಗಿಯೂ ಇಲ್ಲ. ಏಕೆ ಹೀಗೆ ಮಾಡಿದೆ, ಬೇರೆ ರೀತಿ ಮಾಡಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕು.

ಊರಿನ ಬಡಗಿ, ಕಮ್ಮಾರರಲ್ಲಿ ಈ ಯೋಚನೆಯೇ ಇರಲಿಲ್ಲವೆಂದು ಹೇಳಿದರೆ ಅದು ಅನ್ಯಾಯ. ಆಯಾ ಊರಿನ ಮಣ್ಣಿಗೆ, ಬೆಳೆಗೆ ತಕ್ಕಂತೆ ಕೂರಿಗೆಯ ತಾಳುಗಳ ಅಂತರವನ್ನು ಗೇಣಿನಲ್ಲೇ ಅಳೆದು ಕೂರಿಸುತ್ತಿದ್ದವರು ಅವರು. ಎರೆಮಣ್ಣಿನ ಸೀಮೆಯ ಕುಂಟೆಗೂ ಮಸಾರಿ ಮಣ್ಣಿನ ಸೀಮೆಯ ಕುಂಟೆಗೂ ಇರುವ ವ್ಯತ್ಯಾಸವನ್ನು ಯಾವ ಕಾಲೇಜೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಈಗ ಅವರ ಕುಲುಮೆಗಳು ಒಂದೊಂದಾಗಿ ಆರುತ್ತಿವೆ. ಅವರ ತಲೆಯಲ್ಲಿದ್ದ ಅಳತೆಗಳು ಎಲ್ಲಿಯೂ ಬರೆಯದೆಯೇ ಹೋಗುತ್ತಿವೆ. ಶಾಲೆಯ ಮಕ್ಕಳು ಆ ಅಳತೆಗಳನ್ನು ಬರೆದು, ಮೂರು ನೋಟಗಳ ನಕ್ಷೆ ಮಾಡಿಟ್ಟರೂ ದೊಡ್ಡ ಕೆಲಸವೇ.

ಅಂಥ ಬುದ್ಧಿ ನಮ್ಮಲ್ಲಿ ಇಂದಿಗೂ ಬತ್ತಿಲ್ಲ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಯ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆಯ ಕೂರಿಗೆ ಮೊದಲಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಬಂಟ್ವಾಳ ತಾಲ್ಲೂಕಿನ ಕೋಮಾಲೆಯ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಯಂತ್ರವನ್ನು ಮಾಡಿ ತೋರಿಸಿದರು. ಇವರೆಲ್ಲ ಶಾಲೆಯಲ್ಲಿ ಇಂಥ ವಿಷಯ ಇಲ್ಲದೆಯೇ ಬೆಳೆದವರು ಎಂದು ಯಾರಾದರೂ ವಾದಿಸಬಹುದು. ಹೌದು. ಸಾವಿರಕ್ಕೊಬ್ಬರು ಹೇಗಿದ್ದರೂ ಬೆಳೆಯುತ್ತಾರೆ. ಉಳಿದವರ ಮಾತು ನಾನು ಆಡುತ್ತಿರುವುದು.

ಇಂದು ಪರಿಸ್ಥಿತಿ ತೀರ ಬರಿದಾಗಿದೆಯೆಂದಲ್ಲ. ನಮ್ಮ ರಾಜ್ಯದಲ್ಲಿ ಕಿರಿಯ ತಾಂತ್ರಿಕ ಶಾಲೆಗಳೆಂಬವು ಇವೆ. ಅಲ್ಲಿನ ಮಕ್ಕಳು ಎಂಜಿನಿಯರಿಂಗ್ ನಕ್ಷೆ, ಯಂತ್ರ ಹಾಗೂ ವಿದ್ಯುತ್ತಿನ ಮೂಲಪಾಠಗಳನ್ನು ಕಲಿತು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಾರೆ. ಆದರೆ ಇಂಥ ಶಾಲೆಗಳು ಬೆರಳೆಣಿಕೆಯಷ್ಟು, ಇರುವುದೂ ಪಟ್ಟಣಗಳಲ್ಲಿ. 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂದ ನಂತರ ಕೆಲವು ಸರಕಾರಿ ಪ್ರೌಢಶಾಲೆಗಳಲ್ಲಿ ಮೂರನೆಯ ಭಾಷೆಗೆ ಬದಲಾಗಿ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಸೌಂದರ್ಯ ಆರೈಕೆ ಮುಂತಾದ ವಿಷಯಗಳನ್ನು ಆರಿಸಿಕೊಳ್ಳುವ ಅವಕಾಶ ಬಂದಿತು. ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ 2016ರಿಂದೀಚೆಗೆ ದೇಶದಾದ್ಯಂತ 10,000ದಷ್ಟು ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ನೆರವು ದೊರೆತಿದೆ. 2025ರ ಕೇಂದ್ರ ಆಯವ್ಯಯದಲ್ಲಿ ಐದು ವರ್ಷಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ಸರಕಾರಿ ಶಾಲೆಗಳಲ್ಲಿ ತೆರೆಯುವುದಾಗಿ ಹೇಳಲಾಗಿದೆ. ಒಳ್ಳೆಯದೇ. ಆದರೆ ಮೂರು ಆಯಾಮದ ಮುದ್ರಣ ಯಂತ್ರವನ್ನು ತಂದು ಧೂಳು ಬೀಳದಂತೆ ಬಟ್ಟೆ ಮುಚ್ಚಿಟ್ಟು, ಅಧಿಕಾರಿಗಳು ಬಂದಾಗ ಮಾತ್ರ ತೆಗೆದು ತೋರಿಸುವುದಾದರೆ ಅದು ದೇವರ ಪೆಟ್ಟಿಗೆಯಾಯಿತು, ಉಪಕರಣವಾಗಲಿಲ್ಲ. ನನ್ನನ್ನು ಕೇಳಿದರೆ, ಒಂದು ಗಟ್ಟಿ ಮೇಜು, ಅದಕ್ಕೊಂದು ವೈಸು, ಕರಗಸ, ಉಳಿ, ಸುತ್ತಿಗೆ, ಅರ, ಮೂಲೆಮಟ್ಟ, ರಸಮಟ್ಟ, ಕೈ ಡ್ರಿಲ್ಲು, ಒಂದು ಮಲ್ಟಿಮೀಟರ್ ಇವು ಮೊದಲು ಬರಲಿ. ಇವುಗಳ ಹಿಡಿ ಮಕ್ಕಳ ಕೈ ತಗುಲಿ ನುಣುಪಾದ ಮೇಲೆ ದುಬಾರಿ ಯಂತ್ರದ ಮಾತು.

ಮಕ್ಕಳ ಮುಂದಿನ ಓದಿಗೆ ಇದರಿಂದ ತೊಡಕಾಗುವುದೇ ಎಂಬುದು ತಂದೆತಾಯಿಗಳ ನ್ಯಾಯವಾದ ಚಿಂತೆ. ಹಿಂದೆ ಕಸುಬಿನ ವಿಭಾಗ ಹಿಡಿದವರಿಗೆ ಮುಂದಿನ ಬಾಗಿಲು ಮುಚ್ಚಿರುತ್ತಿತ್ತು. ಅದೇ ಅದರ ದೊಡ್ಡ ದೋಷ. ಈಗ ಎಸ್ಸೆಸ್ಸೆಲ್ಸಿಯ ಮೇಲೆ ಐಟಿಐ ಇದೆ, ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಬೆಂಗಳೂರು, ರಾಯಚೂರುಗಳಲ್ಲಿ ಕೃಷಿ ಎಂಜಿನಿಯರಿಂಗ್ ಪದವಿ ಇದೆ. ಕೃಷಿ ಪದವಿಯ ಪ್ರವೇಶಕ್ಕೆ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗಾಗಿ ಒಂದು ಪ್ರಾಯೋಗಿಕ ಪರೀಕ್ಷೆಯೇ ಇದೆ. ಬೀಜ, ಗೊಬ್ಬರ, ಉಪಕರಣಗಳನ್ನು ಕಣ್ಣಾರೆ ಕಂಡು ಕೈಯಾರೆ ಮುಟ್ಟಿದವರಿಗೆ ಅಲ್ಲಿ ಅಂಕ ಸಿಗುತ್ತದೆ. ಹೀಗಾಗಿ ಕೈಕೆಲಸದ ವಿಷಯ ಕಲಿತದ್ದರಿಂದ ಯಾವ ಬಾಗಿಲೂ ಮುಚ್ಚಬೇಕಾಗಿಲ್ಲ. ಆದರೆ ಗಣಿತ, ವಿಜ್ಞಾನಗಳನ್ನು ಬಿಡಿಸಿ ಅವುಗಳ ಜಾಗದಲ್ಲಿ ಕಸುಬನ್ನು ಕೊಡುವ ಯಾವುದೇ ಏರ್ಪಾಟಿಗೆ ಮಾತ್ರ ಒಪ್ಪಬೇಡಿ. ಅಲ್ಲಿ ನಾನೂ ನಿಮ್ಮ ಕಡೆಯೇ.

ಶಾಲೆಗೆ ಇಂಥ ವಿಷಯ ಬಂದಿದೆಯೆಂದು ತಿಳಿದರೆ, ಫಾರಂಗೆ ಸಹಿ ಹಾಕುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಶಾಲೆಗೆ ಹೋಗಿ ಬನ್ನಿ. ಕಲಿಸುವವರು ವರ್ಷವಿಡೀ ಇರುತ್ತಾರೋ, ಗುತ್ತಿಗೆ ಮುಗಿಯಿತೆಂದು ನಡುವೆ ಹೋಗುತ್ತಾರೋ ಕೇಳಿ. ಉಪಕರಣಗಳ ಕೋಣೆಯ ಬೀಗ ವಾರಕ್ಕೆ ಎಷ್ಟು ಸಲ ತೆರೆಯುತ್ತದೆಂದು ಮಾಸ್ತರನ್ನಲ್ಲ, ಮಕ್ಕಳನ್ನು ಕೇಳಿ. ಹೋದ ವರ್ಷದ ಮಕ್ಕಳು ತಯಾರಿಸಿದ್ದು ಏನಿದೆ, ತೋರಿಸಿ ಎನ್ನಿ. ರಟ್ಟಿನ ತಾಜಮಹಲು ತೋರಿಸಿದರೆ ಚಹ ಕುಡಿದು ಹಿಂತಿರುಗಿ. ಸೊಟ್ಟಗಿದ್ದರೂ ಚಿಂತೆಯಿಲ್ಲ, ಕೂತರೆ ಮುರಿಯದ ಒಂದು ಹಾಲು ಕರೆಯುವ ಮಣೆ, ಕೋಳಿಗೆ ನೀರಿಡುವ ಒಂದು ತೊಟ್ಟಿ ತೋರಿಸಿದರೆ ಸಹಿ ಹಾಕಿ.

ವಿಷಯ ಬಾರದ ಊರುಗಳವರು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಬಹುದು. ಸಮಿತಿಯಲ್ಲಿ ಇರುವವರು ತಂದೆತಾಯಿಗಳೇ. ಬಣ್ಣ, ಗೇಟು, ಕಾಂಪೌಂಡು ಇವುಗಳ ಚರ್ಚೆಯಲ್ಲೇ ಸಭೆ ಮುಗಿಯುವುದು ವಾಡಿಕೆ. ಶನಿವಾರದ ಎರಡು ಗಂಟೆ ಊರಿನ ಬಡಗಿಯನ್ನೋ, ಮೋಟರು ರಿವೈಂಡಿಂಗ್ ಮಾಡುವವರನ್ನೋ ಗೌರವದಿಂದ ಕರೆಸಿ, ದಿನದ ಕೂಲಿಯ ನಷ್ಟವನ್ನು ತುಂಬಿಕೊಟ್ಟು, ವಿಜ್ಞಾನ ಶಿಕ್ಷಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿಸುವುದಕ್ಕೆ ಯಾವ ಆಯೋಗದ ವರದಿಯೂ ಬೇಕಾಗಿಲ್ಲ. ಬಿದಿರು, ಹಳೆಯ ಸೈಕಲ್ ಗಾಲಿ, ಹನಿ ನೀರಾವರಿಯ ಉಳಿಕೆ ಪೈಪು, ಕೆಟ್ಟ ಸಿಂಪಡಣೆ ಯಂತ್ರ ಇವೆಲ್ಲ ಪ್ರತಿ ಮನೆಯ ಅಟ್ಟದ ಮೇಲಿವೆ. ಸಿಂಪಡಣೆ ಯಂತ್ರವನ್ನು ಕೊಡುವಾಗ ಮಾತ್ರ ಸೋಪಿನ ನೀರಿನಲ್ಲಿ ಮೂರು ನಾಲ್ಕು ಸಲ ಚೆನ್ನಾಗಿ ತೊಳೆದು ಕೊಡಿ. ಒಳಗೆ ಔಷಧಿಯ ಶೇಷವಿರುತ್ತದೆ, ಬಿಚ್ಚುವುದು ಮಕ್ಕಳ ಬರಿಗೈ.